ಇರುವೆ ಹೋದರೆ ಸಿಂಹಕ್ಕೇನು?

ಪೂರ್ವ ಆಫ್ರಿಕಾದ ಹುಲ್ಲುಗಾವಲುಗಳಲ್ಲಿ ಒಂದು ಜಾಲಿ ಮರವಿದೆ. ಗಾಳಿ ಬೀಸಿದರೆ ಅದು ಸಿಳ್ಳೆ ಹಾಕುತ್ತದೆ. ಅದರ ಕೆಲವು ಮುಳ್ಳುಗಳ ಬುಡ ಗೋಲಿಯಂತೆ ಊದಿಕೊಂಡಿರುತ್ತದೆ, ಒಳಗೆ ಟೊಳ್ಳು. ಇರುವೆಗಳು ಅದಕ್ಕೆ ತೂತು ಕೊರೆದು ಒಳಗೆ ಸಂಸಾರ ಹೂಡುತ್ತವೆ. ಆ ತೂತಿನ ಮೇಲೆ ಗಾಳಿ ಹಾದಾಗ ಸಿಳ್ಳೆ ಕೇಳಿಸುತ್ತದೆ.

ಮರ ಇರುವೆಗೆ ಮನೆಯ ಜೊತೆಗೆ ಊಟವನ್ನೂ ಕೊಡುತ್ತದೆ. ಎಲೆಯ ಬುಡದಲ್ಲಿ ಸಿಹಿ ರಸ ಜಿನುಗುತ್ತದೆ. ಇದಕ್ಕೆ ಪ್ರತಿಯಾಗಿ ಇರುವೆಗಳು ಕಾವಲು ಕಾಯುತ್ತವೆ. ಜಿರಾಫೆಯೋ ಆನೆಯೋ ಕೊಂಬೆಗೆ ಬಾಯಿ ಹಾಕಿದರೆ ಸಾಕು, ಹಿಂಡುಹಿಂಡಾಗಿ ನುಗ್ಗಿ ಕಚ್ಚುತ್ತವೆ. ಅಷ್ಟು ದಪ್ಪ ಚರ್ಮದ ಆನೆಗೆ ಇರುವೆ ಯಾವ ಲೆಕ್ಕ ಅನ್ನಿಸಬಹುದು. ಆದರೆ ಸೊಂಡಿಲಿನ ಒಳಭಾಗ ತುಂಬಾ ಸೂಕ್ಷ್ಮ. ಹಾಗಾಗಿ ಇರುವೆ ತುಂಬಿದ ಮರದ ತಂಟೆಗೆ ಆನೆ ಸಾಮಾನ್ಯವಾಗಿ ಹೋಗುವುದಿಲ್ಲ.

ಪಠ್ಯಪುಸ್ತಕದಲ್ಲಿ ಇದು 'ಸಹಜೀವನ'. ಇಬ್ಬರಿಗೂ ಲಾಭ. ಒಬ್ಬರಿಗೆ ಲಾಭವಾಗಿ ಇನ್ನೊಬ್ಬರಿಗೆ ನಷ್ಟವಾದರೆ ಬೇಟೆ ಅಥವಾ ಪರಾವಲಂಬನೆ, ಇಬ್ಬರಿಗೂ ನಷ್ಟವಾದರೆ ಪೈಪೋಟಿ. ಪಟ್ಟಿಯೇನೋ ಸರಿಯಾಗಿಯೇ ಇದೆ. ನನ್ನ ತಕರಾರು ಒಂದೇ: ಅದು ಜೀವಿಗಳನ್ನು ಎರಡೆರಡಾಗಿ ನಿಲ್ಲಿಸಿಕೊಂಡು ಲೆಕ್ಕ ಬರೆಯುತ್ತದೆ. ಆದರೆ ಆ ಇಬ್ಬರ ಸುತ್ತ ಬೇರೆಯವರೂ ಇರುತ್ತಾರಲ್ವಾ?

ಇದೇ ಮರವನ್ನು ನೋಡಿ. 1995ರಲ್ಲಿ ವಿಜ್ಞಾನಿಗಳು ಕೀನ್ಯಾದಲ್ಲಿ ಕೆಲವು ಜಾಗಗಳಿಗೆ ಬೇಲಿ ಹಾಕಿ, ಆನೆ, ಜಿರಾಫೆಯಂಥ ದೊಡ್ಡ ಪ್ರಾಣಿಗಳು ಒಳಗೆ ಬರದಂತೆ ಮಾಡಿದರು. ಎಲೆ ತಿನ್ನುವವರೇ ಇಲ್ಲವೆಂದರೆ ಮರ ಹಾಯಾಗಿ ಬೆಳೆಯಬೇಕು. ಹತ್ತು ವರ್ಷ ಕಳೆದ ಮೇಲೆ ನೋಡಿದರೆ ಕಥೆ ಬೇರೆಯೇ ಆಗಿತ್ತು. ಕಳ್ಳರೇ ಇಲ್ಲದ ಮೇಲೆ ಕಾವಲುಗಾರನಿಗೆ ಸಂಬಳ ಯಾಕೆ ಎಂಬಂತೆ, ಮರಗಳಲ್ಲಿ ಸಿಹಿ ರಸ ಕಡಿಮೆಯಾಗಿತ್ತು. ಟೊಳ್ಳು ಮುಳ್ಳುಗಳೂ ಕಡಿಮೆಯಾಗಿದ್ದವು. (ಮರ ಕೂತು ಯೋಚಿಸಿ ಹೀಗೆ ಮಾಡಿತು ಅಂತಲ್ಲ, ಸುಮ್ನೆ ಅರ್ಥವಾಗಲಿ ಅಂತ ಹೇಳಿದೆ.)

ಕೂಲಿ ಸಿಗದ ಕಾವಲು ಇರುವೆಗಳು, ಮರದ ರಸ ಹೀರುವ ಪುಟ್ಟ ಕೀಟಗಳನ್ನು ಸಾಕತೊಡಗಿದವು. ಆ ಕೀಟಗಳು ಹೊರಹಾಕುವ ಸಿಹಿ ಅಂಟೇ ಈಗ ಅವುಗಳ ಆಹಾರ. ಅಂದರೆ ಮರವನ್ನು ಕಾಯುತ್ತಿದ್ದವರೇ ಮರ ಹೀರುವವರಿಗೆ ರಕ್ಷಕರಾದರು. ಅಷ್ಟರಲ್ಲಿ ಇನ್ನೊಂದು ಜಾತಿಯ ಇರುವೆ ಹೆಚ್ಚು ಮರಗಳನ್ನು ಹಿಡಿದುಕೊಂಡಿತು. ಅದಕ್ಕೆ ಮುಳ್ಳಿನ ಮನೆ ಬೇಡ. ದುಂಬಿಯ ಮರಿಹುಳು ಕಾಂಡದೊಳಗೆ ಕೊರೆದ ಸುರಂಗವೇ ಸಾಕು. ಹಾಗಾಗಿ ಕಾಂಡ ಕೊರೆಯುವ ಹುಳು ಅದಕ್ಕೆ ಬೇಕಾದ ಅತಿಥಿ. ಕೊನೆಗೆ ಆನೆ, ಜಿರಾಫೆಗಳಿಂದ ಪಾರಾದ ಮರಗಳೇ ನಿಧಾನವಾಗಿ ಬೆಳೆದವು, ಜಾಸ್ತಿ ಸತ್ತವು ಕೂಡ.

ತಿನ್ನುವವರನ್ನು ಓಡಿಸಿದರೆ ಎಲ್ಲರಿಗೂ ಒಳ್ಳೆಯದು ಎಂಬ ಲೆಕ್ಕ ಸಮುದ್ರದ ದಡದಲ್ಲೂ ತಪ್ಪಿದೆ. ರಾಬರ್ಟ್ ಪೇನ್ ಎಂಬ ವಿಜ್ಞಾನಿ 1963ರಿಂದ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕರಾವಳಿಯಲ್ಲಿ, ಒಂದು ಬಂಡೆಯ ಮೇಲಿದ್ದ ನಕ್ಷತ್ರ ಮೀನುಗಳನ್ನು ಕಿತ್ತು ದೂರ ಎಸೆಯುತ್ತಾ ಹೋದರು. ನಕ್ಷತ್ರ ಮೀನಿಗೆ ಆಹಾರವಾಗುತ್ತಿದ್ದ ಪಚ್ಚಿಲೆ ಜಾತಿಯ ಚಿಪ್ಪುಜೀವಿಗಳು ಇಡೀ ಬಂಡೆಯನ್ನು ಆಕ್ರಮಿಸಿಕೊಂಡವು. 15 ಜಾತಿಗಳಿದ್ದ ಕಡೆ ಕೆಲವೇ ವರ್ಷಗಳಲ್ಲಿ 8 ಉಳಿದವು.

ಮತ್ತೆ ಕೀನ್ಯಾಕ್ಕೆ ಬರೋಣ. ಈಚೆಗೆ ಅಲ್ಲಿಗೆ ಹೊರಗಿನಿಂದ ದೊಡ್ಡ ತಲೆಯ ಇರುವೆಯೊಂದು ಬಂದು ಸೇರಿದೆ. ಅದು ಜಾಲಿಯ ಕಾವಲು ಇರುವೆಗಳನ್ನು ಕೊಂದು ಹಾಕುತ್ತದೆ, ತಾನು ಮಾತ್ರ ಕಾವಲು ಕಾಯುವುದಿಲ್ಲ. ಅದು ಹರಡಿದ ಕಡೆ ಆನೆಗಳು ಐದರಿಂದ ಏಳು ಪಟ್ಟು ಜಾಸ್ತಿ ಮರ ಮುರಿದಿವೆ. ಮರಗಳು ಹೋಗಿ ಬಯಲಾಯಿತು. ಸಿಂಹ ಜೀಬ್ರಾವನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯುವುದಕ್ಕಿಂತ ಮರೆಯಲ್ಲಿ ಹೊಂಚು ಹಾಕಿ ಹಿಡಿಯುವುದೇ ಹೆಚ್ಚು. ಮರೆಯೇ ಇಲ್ಲದಿದ್ದರೆ ಜೀಬ್ರಾ ದೂರದಿಂದಲೇ ನೋಡಿ ಕಾಲ್ಕೀಳುತ್ತದೆ.

2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದರ ಲೆಕ್ಕ ಸಿಗುತ್ತದೆ. 2003ರಲ್ಲಿ ಸಿಂಹಗಳ ಬೇಟೆಯಲ್ಲಿ 67 ಶೇಕಡಾ ಜೀಬ್ರಾಗಳಿದ್ದವು. 2020ರ ಹೊತ್ತಿಗೆ ಅದು 42ಕ್ಕೆ ಇಳಿದಿತ್ತು. ಆದರೂ ಸಿಂಹಗಳ ಸಂಖ್ಯೆ ಕುಸಿದಿಲ್ಲ. ಅವು ಕಾಡೆಮ್ಮೆಗಳತ್ತ ತಿರುಗಿವೆ. ಮೊದಲು ಲೆಕ್ಕಕ್ಕೇ ಇಲ್ಲದ ಕಾಡೆಮ್ಮೆ ಈಗ ಬೇಟೆಯಲ್ಲಿ ಜೀಬ್ರಾದಷ್ಟೇ ಪಾಲು ಪಡೆದಿದೆ. ಕಾಡೆಮ್ಮೆಯನ್ನು ಕೆಡವಲು ಒಂದಕ್ಕಿಂತ ಹೆಚ್ಚು ಸಿಂಹಗಳು ಸೇರಬೇಕು. ಕೊಂಬು ಸರಿಯಾಗಿ ತಗುಲಿದರೆ ಸಿಂಹವೇ ಸಾಯಬಹುದು.