ಹಡಗಿನ ಟ್ಯಾಂಕಿನಲ್ಲಿ ಸಾಯದೆ ಉಳಿದವರು

ಸರಕು ಇಳಿಸಿದ ಹಡಗು ಖಾಲಿ ಡಬ್ಬಿಯ ಹಾಗೆ. ಅಲೆ ಜೋರಾದರೆ ವಾಲುತ್ತದೆ, ಪ್ರೊಪೆಲರ್ ನೀರಿನಿಂದ ಮೇಲೇಳುತ್ತದೆ. ಹಿಂದೆ ತೂಕಕ್ಕೆ ಕಲ್ಲು, ಮರಳು ಹಾಕುತ್ತಿದ್ದರು. ಉಕ್ಕಿನ ಹಡಗು, ಪಂಪು ಬಂದ ಮೇಲೆ ನಿಂತಲ್ಲೇ ಸಮುದ್ರದ ನೀರು ತುಂಬಿಕೊಂಡು, ಮುಂದಿನ ಬಂದರಿನಲ್ಲಿ ಹೊರಗೆ ಬಿಡುವುದು ರೂಢಿಯಾಯಿತು. ಇದೇ ಬ್ಯಾಲಸ್ಟ್ ನೀರು.

ನೀರಿನ ಜೊತೆ ಜೀವಿಗಳೂ ಬರುತ್ತವೆ ಅಲ್ವಾ? 1903ರಲ್ಲೇ ಉತ್ತರ ಸಮುದ್ರದಲ್ಲಿ ಏಷ್ಯಾದ ಪಾಚಿಯೊಂದು ಕಾಣಿಸಿಕೊಂಡಿತ್ತು. ಆಗ ಯಾರೂ ಜಾಸ್ತಿ ತಲೆಕೆಡಿಸಿಕೊಳ್ಳಲಿಲ್ಲ. ಬಿಸಿ ಮುಟ್ಟಿದ್ದು 1988ರಲ್ಲಿ. ಕಪ್ಪು ಸಮುದ್ರ, ಕ್ಯಾಸ್ಪಿಯನ್ ಕಡೆಯ ಜೀಬ್ರಾ ಮಸಲ್ ಎಂಬ ಉಗುರಿನಷ್ಟು ಪುಟ್ಟ ಚಿಪ್ಪುಜೀವಿ ಉತ್ತರ ಅಮೆರಿಕದ ಮಹಾಸರೋವರಗಳಲ್ಲಿ ಸಿಕ್ಕಿತು. ಅದು ಪೈಪುಗಳೊಳಗೆ ಒಂದರ ಮೇಲೊಂದು ಅಂಟಿಕೊಂಡು ಬೆಳೆಯುತ್ತದೆ. ಮರುವರ್ಷ ಮಿಶಿಗನ್‌ನ ಮನ್ರೋ ಊರಿನ ನಲ್ಲಿಗಳು ಒಣಗಿದವು. 1991ರ ನಂತರ, ಲ್ಯಾಟಿನ್ ಅಮೆರಿಕದಿಂದ ಬಂದ ಹಡಗುಗಳ ಟ್ಯಾಂಕಿನಲ್ಲಿ ಕಾಲರಾ ರೋಗಾಣುವೂ ಪತ್ತೆಯಾಯಿತು.

ಮೊದಲು ಹೊಳೆದ ಉಪಾಯ ಸರಳ: ನಡುಸಮುದ್ರದಲ್ಲಿ ನೀರು ಬದಲಿಸಿ. ಆದರೆ ತೇಲುತ್ತಿರುವ ಹಡಗಿನ ತೂಕವನ್ನೇ ಎತ್ತಿ ಇಡುವುದು ಹುಡುಗಾಟವಲ್ಲ. 2006ರಲ್ಲಿ ಕೂಗರ್ ಏಸ್ ಎಂಬ ಹಡಗು 4,700ಕ್ಕೂ ಹೆಚ್ಚು ಕಾರು ಹೊತ್ತು ಹೊರಟಿತ್ತು. ಅಲಾಸ್ಕಾದ ಬಳಿ ನೀರು ಬದಲಿಸುವಾಗ ಪಕ್ಕಕ್ಕೆ ಮಲಗಿಯೇಬಿಟ್ಟಿತು.

ಅಂತರರಾಷ್ಟ್ರೀಯ ಕಡಲ ಸಂಸ್ಥೆ 2004ರಲ್ಲಿ ಒಪ್ಪಂದ ಮಾಡಿತು. ಜಾರಿಗೆ ಬರಲು 2017ರ ತನಕ ಕಾಯಬೇಕಾಯಿತು. ಹೊರಬಿಡುವ ಪ್ರತಿ ಘನ ಮೀಟರ್ ನೀರಿನಲ್ಲಿ 50 ಮೈಕ್ರಾನ್‌ ಅಥವಾ ಅದಕ್ಕಿಂತ ದೊಡ್ಡ, ಬದುಕುಳಿಯಬಲ್ಲ ಜೀವಿಗಳು ಹತ್ತಕ್ಕಿಂತ ಕಡಿಮೆ ಇರಬೇಕು (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ). ಸಣ್ಣ ಜೀವಿಗಳಿಗೆ, ರೋಗಾಣುಗಳಿಗೆ ಬೇರೆ ಮಿತಿ.

ಕ್ಲೋರಿನ್ ಹಾಕಿದರೆ ಸಾಯುತ್ತವೆ, ನಿಜ. ಆದರೆ ಉಳಿದ ಕ್ಲೋರಿನ್ ಸಮುದ್ರಕ್ಕೆ ವಿಷ. ಅದನ್ನು ಕೊಲ್ಲಲು ಇನ್ನೊಂದು ರಾಸಾಯನಿಕ ಬೇಕು. ಇಲ್ಲೇ ಕ್ಯಾಟಲಿಸ್ಟ್, ಅಂದರೆ ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು, ಆಸೆ ಹುಟ್ಟಿಸಿದ್ದು. ಬಿಳಿ ಪೇಂಟಿನಲ್ಲಿರುವ ಟೈಟಾನಿಯಂ ಡೈಆಕ್ಸೈಡ್‌ಗೆ ಬೆಳಕು ಬಿದ್ದರೆ ನೀರು ಒಡೆಯುತ್ತದೆ ಎಂದು 1972ರಲ್ಲಿ ಫುಜಿಶಿಮಾ, ಹೋಂಡಾ ಬರೆದರು. 1985ರಲ್ಲಿ ಮತ್ಸುನಾಗ ತಂಡ ಅದೇ ಪುಡಿಗೆ ಪ್ಲಾಟಿನಂ ಸೇರಿಸಿ ಸೂಕ್ಷ್ಮಜೀವಿಗಳನ್ನು ಕೊಂದಿತು. ಕೊಲೆಗಾರ, ಬೆಳಕು ಬಿದ್ದಾಗ ನೀರಿನಿಂದ ಹುಟ್ಟುವ ಚುರುಕು ಕಣವಾದ ಹೈಡ್ರಾಕ್ಸಿಲ್ ರ‍್ಯಾಡಿಕಲ್: ಜೀವಕೋಶದ ಪೊರೆ ಹರಿದು, ಕಣ್ಣು ಮಿಟುಕಿಸುವುದರೊಳಗೆ ತಾನೂ ಇಲ್ಲವಾಗುತ್ತದೆ. ಆಲ್ಫಾ ಲಾವಲ್ ಕಂಪನಿಯ ಮೊದಲ ಪ್ಯೂರ್‌ಬ್ಯಾಲಸ್ಟ್ ಯಂತ್ರಗಳು ಯುವಿ (ನೇರಳಾತೀತ) ದೀಪದ ಜೊತೆ ಇದೇ ಕ್ಯಾಟಲಿಸ್ಟ್ ಬಳಸಿದವು.

ಗುಣವೇ ದೋಷವೂ ಆಯಿತು. ರ‍್ಯಾಡಿಕಲ್ ಅಷ್ಟು ಅಲ್ಪಾಯುಷಿಯಾದ್ದರಿಂದ ಸೂಕ್ಷ್ಮಜೀವಿ ಕ್ಯಾಟಲಿಸ್ಟ್‌ಗೆ ಅಂಟಿಕೊಂಡಂತೆಯೇ ಇರಬೇಕು. ಕೆಸರು ನೀರಾದರೆ ಬೆಳಕು ತೂರುವುದಿಲ್ಲ. ಉಪ್ಪುನೀರಿನ ಕ್ಲೋರೈಡ್, ಬೈಕಾರ್ಬೊನೇಟ್ ಸುಮ್ನೆ ರ‍್ಯಾಡಿಕಲ್‌ಗಳನ್ನು ನುಂಗಿಹಾಕುತ್ತವೆ. ಲ್ಯಾಬಿನ ಶುದ್ಧ ನೀರಿನ ಫಲಿತಾಂಶ ನೋಡಿ ಹಿಗ್ಗಬಾರದು ಅನ್ನುವುದು ಇದಕ್ಕೇ. ಬೆಳ್ಳಿ ಸೇರಿಸಿದರೆ ಜೋರು ಹೆಚ್ಚುತ್ತದೆ, ಆದರೆ ಬೆಳ್ಳಿಯ ಅಯಾನು (ವಿದ್ಯುದಂಶ ಹೊತ್ತ ಕಣ) ಸೋರಿದರೆ ಮತ್ತೆ ಅದೇ ವಿಷದ ಕಥೆ.

ಇನ್ನೊಂದು ಜಗಳ ನನಗೆ ಎಲ್ಲಕ್ಕಿಂತ ಸ್ವಾರಸ್ಯ. ಯುವಿ ತಾಗಿದ ಪಾಚಿ ಮರಿ ಹಾಕಲಾರದು, ಆದರೆ ಸ್ವಲ್ಪ ಕಾಲ ಉಸಿರಾಡುತ್ತಿರುತ್ತದೆ. ಸಂತಾನ ಇಲ್ಲದಿದ್ದರೆ ಸತ್ತ ಲೆಕ್ಕವೇ ಎಂದು ತಯಾರಕರು ವಾದಿಸಿದರು. ಅಮೆರಿಕದ ಕೋಸ್ಟ್ ಗಾರ್ಡ್ 2015ರಲ್ಲಿ ಒಪ್ಪಲಿಲ್ಲ. ಅವರ ಪರೀಕ್ಷೆಯಲ್ಲಿ ನೀರಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಹಸಿರಾಗಿ ಹೊಳೆದರೆ ಅದು ಇನ್ನೂ ಬದುಕಿದೆ.