‘ಬೇಡ’ ಅನ್ನುವ ಹಕ್ಕಿಗೆ ಹಿಡಿದ ಕಾಲ

1963ರಲ್ಲಿ ಆಸ್ಟ್ರೇಲಿಯಾದ ಸಂಸತ್ತಿಗೆ ಮರದ ತೊಗಟೆಯ ಮೇಲೆ ಒಂದು ಮನವಿ ಬಂತು. ಟೈಪ್ ಮಾಡಿದ ಕಾಗದವನ್ನು ತೊಗಟೆಯ ನಡುವೆ ಅಂಟಿಸಿದ್ದರು. ಸುತ್ತಲೂ ತಮ್ಮ ಕುಲದ ಚಿತ್ರಗಳನ್ನು ಬರೆದಿದ್ದರು. ಕಳಿಸಿದವರು ಉತ್ತರ ಭಾಗದ ಯಿರ್ಕಾಲದ ಯೊಲ್ಂಗು ಎಂಬ ಮೂಲನಿವಾಸಿ ಜನ. ಬಾಕ್ಸೈಟ್ (ಅಲ್ಯೂಮಿನಿಯಂನ ಅದಿರು) ಗಣಿಗಾಗಿ ಸರ್ಕಾರ ಅವರ 300 ಚದರ ಕಿಲೋಮೀಟರಿಗೂ ಜಾಸ್ತಿ ನೆಲವನ್ನು ಮೀಸಲು ಪ್ರದೇಶದಿಂದ ಕತ್ತರಿಸಿ ತೆಗೆದಿತ್ತು, ಅದೂ ಅವರಿಗೆ ಒಂದು ಮಾತೂ ಕೇಳದೆ. ಕಾಗದದಲ್ಲಿದ್ದದ್ದು ಬೇಡಿಕೆ. ಅಂಚಿನ ಚಿತ್ರಗಳು ಅವರ ಪಾಲಿಗೆ ಹಕ್ಕುಪತ್ರವೇ ಆಗಿದ್ದವು.

ಗಣಿ ನಿಲ್ಲಲಿಲ್ಲ. ಜನ ಕೋರ್ಟಿಗೆ ಹೋದರು, 1971ರಲ್ಲಿ ಸೋತರು. ನೆಲದ ಜೊತೆ ಇವರಿಗೆ ನಂಟಿದೆ ನಿಜ, ಆದರೆ ಕಾನೂನಿನ ಅರ್ಥದಲ್ಲಿ ಅದು ಆಸ್ತಿಯಲ್ಲ ಎಂದಿತು ತೀರ್ಪು.

ಇದು ಅಲ್ಲೊಂದೇ ಕಡೆಯ ಕಥೆಯಲ್ಲ. ಬಹಳಷ್ಟು ದೇಶಗಳಲ್ಲಿ ಕಾಗದವಿಲ್ಲದ ನೆಲ ಸರ್ಕಾರದ ನೆಲವಾಯಿತು. ಮೇಲಿನ ಹೊಲ ಯಾರದೇ ಇರಲಿ, ಕೆಳಗಿನ ಅದಿರು ಸರ್ಕಾರದ್ದು ಎಂದಾಯಿತು. ಭಾರತದಲ್ಲಿ ಬ್ರಿಟಿಷರು 1878ರ ಅರಣ್ಯ ಕಾಯ್ದೆ ತಂದು ಕಾಡಿನವರನ್ನು ಕಾಡಿನಲ್ಲೇ ಅತಿಕ್ರಮಣಕಾರರನ್ನಾಗಿ ಮಾಡಿದರು. 1894ರ ಭೂಸ್ವಾಧೀನ ಕಾಯ್ದೆಗೆ ‘ಸಾರ್ವಜನಿಕ ಉದ್ದೇಶ’ ಅನ್ನುವ ಎರಡು ಪದ ಸಾಕಿತ್ತು. ಸ್ವಾತಂತ್ರ್ಯ ಬಂದ ಮೇಲೂ ಅದೇ ಕಾಯ್ದೆ 2013ರ ಕೊನೆಯವರೆಗೆ ನಡೆಯಿತು. ಒಕ್ಕಲೆಬ್ಬಿಸಿದವರಿಗೆ ಪರಿಹಾರ ಎಷ್ಟು ಅನ್ನುವ ಚರ್ಚೆ ಇತ್ತು. ನಿಮಗೆ ಇದು ಬೇಕಾ ಅನ್ನುವ ಪ್ರಶ್ನೆಯೇ ಇರಲಿಲ್ಲ.

ಲೋಕದ ಮಾತು ನಿಧಾನವಾಗಿ ಬದಲಾಯಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1957ರ ಒಪ್ಪಂದ ಬುಡಕಟ್ಟು ಜನರನ್ನು ಉಳಿದವರೊಳಗೆ ಬೆರೆಸಿಬಿಡುವ ಯೋಚನೆಯದು. 1989ರ ಒಪ್ಪಂದ ಅವರನ್ನು ಕೇಳಬೇಕು ಎಂದಿತು. ಭಾರತ ಮೊದಲನೆಯದನ್ನು ಒಪ್ಪಿತು, ಎರಡನೆಯದನ್ನು ಒಪ್ಪಲಿಲ್ಲ. 2007ರಲ್ಲಿ ಮೂಲನಿವಾಸಿಗಳ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆಯ ಘೋಷಣೆ ಬಂತು. ಒಪ್ಪಿಗೆ ಮುಂಚಿತವಾಗಿ ಇರಬೇಕು, ಒತ್ತಡವಿಲ್ಲದೆ ಇರಬೇಕು, ಎಲ್ಲ ತಿಳಿದು ಕೊಟ್ಟದ್ದಾಗಿರಬೇಕು. 144 ದೇಶಗಳು ಪರವಾಗಿ ಮತ ಹಾಕಿದವು. ವಿರೋಧಿಸಿದವು ನಾಲ್ಕೇ: ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್. ನಾಲ್ಕೂ ಆಮೇಲೆ ನಿಲುವು ಬದಲಿಸಿದವು.

ಇಲ್ಲಿ ಒಂದು ಪದ ಗಮನಿಸಬೇಕು. ‘ಸಮಾಲೋಚನೆ’ ಬೇರೆ, ‘ಒಪ್ಪಿಗೆ’ ಬೇರೆ. ಸಮಾಲೋಚನೆ ಅಂದರೆ ಶಾಮಿಯಾನ ಹಾಕಿ, ಮೈಕ್ ಕೊಟ್ಟು, ಎಲ್ಲರ ಮಾತು ಬರೆದುಕೊಂಡು, ಮೊದಲೇ ತೀರ್ಮಾನಿಸಿದ್ದನ್ನೇ ಮಾಡಬಹುದು. ಒಪ್ಪಿಗೆ ಅಂದರೆ ‘ಬೇಡ’ ಎಂದಾಗ ಕೆಲಸ ನಿಲ್ಲಬೇಕು. ಜಗಳವೆಲ್ಲ ಇರುವುದು ಈ ಎರಡರ ನಡುವೆ.

ಅದು ನಿಜವಾಗಿ ನಿಂತದ್ದು ಒಡಿಶಾದ ನಿಯಮಗಿರಿಯಲ್ಲಿ. ಅಲ್ಲಿನ ಡೋಂಗ್ರಿಯಾ ಕೊಂಧರಿಗೆ ಬೆಟ್ಟವೇ ದೇವರು, ನಿಯಮ ರಾಜ. ಬೆಟ್ಟದ ನೆತ್ತಿಯಲ್ಲಿ ಬಾಕ್ಸೈಟ್ ಇತ್ತು, ತಪ್ಪಲಿನ ಲಾಂಜಿಗಡದಲ್ಲಿ ಅಲ್ಯೂಮಿನಾ ಕಾರ್ಖಾನೆ ಆಗಲೇ ನಡೆಯುತ್ತಿತ್ತು. ಕಾರ್ಖಾನೆ ಮೊದಲು, ಅದಿರು ತೆಗೆಯಲು ಅನುಮತಿ ಆಮೇಲೆ! ಅಷ್ಟು ಹಣ ಸುರಿದಾದ ಮೇಲೆ ಹಳ್ಳಿಯವರ ಮಾತಿಗೆ ಎಷ್ಟು ಬೆಲೆ ಇದ್ದೀತು, ಅಲ್ವಾ? ಆದರೆ 2006ರ ಅರಣ್ಯ ಹಕ್ಕು ಕಾಯ್ದೆ ಕೈಹಿಡಿಯಿತು. 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ಅಲ್ಲಿನವರ ಹಕ್ಕು ಮತ್ತು ಪೂಜೆಯ ವಿಷಯ ಗ್ರಾಮಸಭೆಯ ಮುಂದೆ ಬರಲಿ ಎಂದಿತು. ಬೆಟ್ಟದ ಮೇಲೆ ನೂರಕ್ಕೂ ಹೆಚ್ಚು ಹಳ್ಳಿಗಳಿದ್ದರೂ ರಾಜ್ಯ ಸರ್ಕಾರ ಆರಿಸಿದ್ದು ಬರೀ 12. ಜಿಲ್ಲಾ ನ್ಯಾಯಾಧೀಶರ ಎದುರಿನಲ್ಲೇ ಸಭೆಗಳು ನಡೆದವು. 12ಕ್ಕೆ 12 ಹಳ್ಳಿಗಳೂ ಬೇಡ ಎಂದವು. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ಗಣಿಗೆ ಅನುಮತಿ ನಿರಾಕರಿಸಿತು. 2016ರಲ್ಲಿ ರಾಜ್ಯದ ಗಣಿ ನಿಗಮ ಮತ್ತೆ ಕೋರ್ಟಿಗೆ ಹೋಯಿತು, ಗ್ರಾಮಸಭೆಯ ತೀರ್ಮಾನವನ್ನು ಮತ್ತೆ ಪರಿಶೀಲಿಸಬೇಕು ಎಂದು. ಕೋರ್ಟು ಅದನ್ನು ತಳ್ಳಿಹಾಕಿತು.

ಒಪ್ಪಿಗೆ ಕೊಟ್ಟವರ ಕಷ್ಟ ಬೇರೆ. ಆಸ್ಟ್ರೇಲಿಯಾದ ಜುಕಾನ್ ಕಣಿವೆಯ ಗುಹೆಗಳಲ್ಲಿ 46,000 ವರ್ಷಗಳಷ್ಟು ಹಿಂದೆಯೇ ಮನುಷ್ಯರು ತಂಗಿದ್ದರು. ಆ ನೆಲದ ಜನ ಗಣಿ ಕಂಪನಿಯ ಜೊತೆ ಒಪ್ಪಂದಕ್ಕೆ ಮೊದಲೇ ಸಹಿ ಹಾಕಿದ್ದರು. ಗುಹೆಗಳನ್ನು ಒಡೆಯಲು 2013ರಲ್ಲಿ ಕಂಪನಿಗೆ ಸರ್ಕಾರದ ಅನುಮತಿ ಸಿಕ್ಕಿತು. ಅಲ್ಲಿ ಎಷ್ಟು ದೊಡ್ಡ ಪುರಾತನ ಸಂಪತ್ತಿದೆ ಎಂದು ಗೊತ್ತಾಗಿದ್ದು ಆಮೇಲೆ. ಕೊಟ್ಟ ಅನುಮತಿಯನ್ನು ಬದಲಿಸಲು ಆಗಿನ ಅಲ್ಲಿನ ಕಾನೂನಿನಲ್ಲಿ ದಾರಿಯೇ ಇರಲಿಲ್ಲ. 2020ರ ಮೇ ತಿಂಗಳಲ್ಲಿ ಅವನ್ನು ಸಿಡಿಸಿಬಿಟ್ಟರು. ನೆಲದ ಹಕ್ಕಿನವರ ಪರ ಕೆಲಸ ಮಾಡುವವರು ಇವತ್ತು ಸಹಿ ಹಾಕುವ ದಿನಕ್ಕಿಂತ ಮುಂಚಿನ ಮತ್ತು ನಂತರದ ದಿನಗಳಿಗೆ ಜಾಸ್ತಿ ಒತ್ತು ಕೊಡುವುದು ಇದಕ್ಕೇ. ಕಾಗದಪತ್ರ ಜನರ ಭಾಷೆಯಲ್ಲಿ ಇರಬೇಕು. ಕಂಪನಿಯ ಸಂಬಳದಲ್ಲಿಲ್ಲದ ವಕೀಲ, ಭೂವಿಜ್ಞಾನಿ ಸಿಗಬೇಕು. ಹೆಂಗಸರು ಕೂತು ಮಾತಾಡುವ ಹೊತ್ತಿಗೆ ಸಭೆ ಇಡಬೇಕು. ಹೊಸ ವಿಷಯ ಗೊತ್ತಾದರೆ ಮತ್ತೆ ಕೇಳಬೇಕು.

ತೊಗಟೆಯ ಮನವಿ ಇವತ್ತೂ ಕ್ಯಾನ್‌ಬೆರಾದ ಸಂಸತ್ ಭವನದಲ್ಲಿದೆ. 1971ರ ಆ ಸೋಲಿನ ನಂತರ ನೇಮಿಸಿದ ಆಯೋಗದಿಂದಲೇ 1976ರ ಭೂಹಕ್ಕು ಕಾಯ್ದೆ ಬಂತು. ಅದೇ ನೆಲದ ಕುಲವೊಂದು ಪರಿಹಾರ ಕೇಳಿ ಮತ್ತೆ ಕೋರ್ಟಿನ ಬಾಗಿಲು ತಟ್ಟಿತು. 2025ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದ ಹೈಕೋರ್ಟು, ಅಂದರೆ ಆ ದೇಶದ ಅತಿ ದೊಡ್ಡ ಕೋರ್ಟು, ಅವರ ಹಕ್ಕೂ ಆಸ್ತಿಯೇ ಎಂದು ಒಪ್ಪಿತು. ಮನವಿ ಕಳಿಸಿ ಆಗಲೇ 61 ವರ್ಷ ದಾಟಿತ್ತು.