ರಾತ್ರಿ ಚಂದ ಕಂಡ ಮುಖ ಬೆಳಿಗ್ಗೆ ಯಾಕ ಹಂಗ ಕಾಣ್ತೈತಿ

ಮೊನ್ನೆ ಒಂದಿನ ರಾತ್ರಿ ಉಂಡು ಹತ್ತಕ್ಕ ಕುಂತಾಂವ ಎರಡು ಗಂಟೆತನಕ ಸ್ಕೈರಿಮ್ ಗೇಮಿನಾಗ ಒಂದು ಹೆಣ್ಣು ಕ್ಯಾರೆಕ್ಟರ್ ಮುಖ ಮಾಡಿದೆ, ರೇಸ್‌ಮೆನು ಅನ್ನೋ ಮಾಡ್ (ಗೇಮಿಗೆ ಮ್ಯಾಲಿಂದ ಸೇರಿಸೋ ಪ್ರೋಗ್ರಾಂ) ಹಾಕ್ಕೊಂಡು ಕಣ್ಣು ಮೂಗು ಹಿಗ್ಗಿಸಿ ಕುಗ್ಗಿಸೋ ಒಂದೊಂದು ಸ್ಲೈಡರ್ ಕೂದಲೆಳೆಯಷ್ಟು ಸರಿಸಿ ಸರಿಸಿ, ಮಲಗೋ ಹೊತ್ತಿಗೆ ಇದಕ್ಕಿಂತ ಚಂದ ಮುಖ ನಾನು ಮಾಡೇ ಇಲ್ಲ ಅನ್ನಿಸಿತ್ತು. ಬೆಳಿಗ್ಗೆ ಲ್ಯಾಪ್‌ಟಾಪ್ ತೆಗೆದ್ರ ಅದ ಮುಖ, ಒಂದು ಸ್ಲೈಡರೂ ಅಲುಗಾಡಿಲ್ಲ, ಆದ್ರ ನೋಡಾಕ ಆಗವಲ್ದು. ಚಾ ತಂದಿಟ್ಟ ನಮ್ಮವ್ವ ಸ್ಕ್ರೀನ್ ಕಡೆ ನೋಡಿ "ಯಾರಪಾ ಇಕಿ, ಒಂದು ಕಣ್ಣು ಗಂಗಾವತಿಯಾಗ ಐತಿ ಒಂದು ಕಣ್ಣು ಕೊಪ್ಪಳದಾಗ ಐತಿ" ಅಂದ್ಲು. ನಾಲ್ಕು ತಾಸು ಅದನ್ನ ನೋಡಿದ ನನಗ ಕಾಣದ್ದು ಅವ್ವಗ ಒಂದ ಸೆಕೆಂಡಿನಾಗ ಹೆಂಗ ಕಂಡಿತು?

ಉತ್ತರ ಮೆದುಳಿನಾಗ ಐತಿ. ಏಪ್ರಿಲ್ ಬಿಸಿಲಾಗಿಂದ ಮನಿಯೊಳಗ ಬಂದ್ರ ಒಂದೆರಡು ನಿಮಿಷ ಎಲ್ಲ ಕತ್ತಲಿ ಕತ್ತಲಿ ಕಾಣ್ತೈತಲ್ಲ, ಆಮ್ಯಾಲ ಕಣ್ಣು ಹೊಂದ್ಕೋತಾವ, ಮುಖದ ವಿಷಯದಾಗೂ ಹಂಗ ಆಗ್ತೈತಿ. 1999ರಾಗ ಮೈಕಲ್ ವೆಬ್‌ಸ್ಟರ್ ಮತ್ತ ಮ್ಯಾಕ್‌ಲಿನ್ ಅನ್ನೋ ಸಂಶೋಧಕರು ಮೂಗಿನ ಕಡೆ ಕುಗ್ಗಿಸಿದ ಮುಖಗಳನ್ನ ಜನಕ್ಕ ಸ್ವಲ್ಪ ಹೊತ್ತು ತೋರಿಸಿದ್ರು, ಅದಾದ ಮ್ಯಾಲ ಮಾಮೂಲಿ ಮುಖ ತೋರಿಸಿದ್ರ ಅದು ಹೊರಗ ಉಬ್ಬಿದಂಗ ಕಂಡಿತು. 2003ರಾಗ ಗಿಲಿಯನ್ ರೋಡ್ಸ್ ಮತ್ತವರ ಜೊತಿಗಾರರು ಇನ್ನೊಂದು ಹೆಜ್ಜಿ ಮುಂದ ಹೋಗಿ ತೋರಿಸಿದ್ದೇನಂದ್ರ, ಸೊಟ್ಟ ಮುಖ ನೋಡಿ ನೋಡಿ ರೂಢಿ ಆದ್ರ ನಮ್ಮ ಕಣ್ಣಿಗೆ "ಚಂದ" ಅನ್ನೋದೂ ಅದ ಕಡೆ ಸರೀತೈತಿ. ಅಂದ್ರ ನಾನು ಕಣ್ಣಿನ ಸ್ಲೈಡರ್ ಒಂದು ಚೂರು ಅಗಲ ಮಾಡಿದೆ, ಹತ್ತು ನಿಮಿಷಕ್ಕ ಅದ ಮಾಮೂಲಿ ಅನ್ನಿಸಿತು, ಮತ್ತೊಂದು ಚೂರು ಮಾಡಿದೆ, ಹಿಂಗ ಚೂರು ಚೂರು ಸೇರಿ ರಾತ್ರಿ ಎರಡಕ್ಕ ಮುಖ ಎಲ್ಲೋ ಹೋಗಿತ್ತು, ನನ್ನ ಅಳತಿಗೋಲೂ ಅದರ ಹಿಂದಿಂದ ಹೋಗಿತ್ತು. ನಿದ್ದಿ ಆದ ಮ್ಯಾಲ ಅಳತಿಗೋಲು ತನ್ನ ಜಾಗಕ್ಕ ವಾಪಸ್ ಬಂತು, ಮುಖ ಬರಲಿಲ್ಲ.

ಆ ಅಳತಿಗೋಲು ಯಾವುದು ಅನ್ನೋದು ಇನ್ನೂ ಮಜಾ ಐತಿ. ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1878ರ ಹೊತ್ತಿಗೆ ಅಪರಾಧಿಗಳ ಫೋಟೋಗಳನ್ನ ಒಂದರ ಮ್ಯಾಲ ಒಂದು ಕೂಡಿಸಿ "ಅಪರಾಧಿ ಮುಖ" ಹೆಂಗಿರ್ತೈತಿ ನೋಡಾಕ ಹೋದ, ಸಿಕ್ಕಿದ್ದು ಒಬ್ಬೊಬ್ಬರಿಗಿಂತ ಚಂದ ಇರೋ ಮುಖ. 1990ರಾಗ ಲ್ಯಾಂಗ್‌ಲೋಯಿಸ್ ಮತ್ತ ರಾಗ್‌ಮನ್ ಅದನ್ನ ಕಂಪ್ಯೂಟರ್‌ನಾಗ ಮಾಡಿದ್ರು, 32 ಮುಖ ಕೂಡಿಸಿದ ಸರಾಸರಿ ಮುಖಕ್ಕ ಜನ ಒಳ್ಳೆ ಮಾರ್ಕ್ಸ್ ಕೊಟ್ರು. ಹಂಗಂತ ಸರಾಸರಿನೇ ಅಂತಿಮ ಅಲ್ಲ, 1994ರಾಗ ಡೇವಿಡ್ ಪೆರೆಟ್ ತಂಡ ಬರೇ ಚಂದ ಮುಖಗಳನ್ನ ಆರಿಸಿ ಅವುಗಳ ಸರಾಸರಿ ಮಾಡಿದ್ರ ಅದು ಎಲ್ಲಾರ ಸರಾಸರಿಗಿಂತ ಜನಕ್ಕ ಹಿಡಿಸಿತು. ಅಂದ್ರ ಸರಾಸರಿ ಹತ್ರಾನ ಇದ್ದು ಒಂದೆರಡು ಕಡೆ ಮಾತ್ರ ಸ್ವಲ್ಪ ಬ್ಯಾರೆ ದಾರಿ ಹಿಡಿದ ಮುಖ. (ಮುಖದ ಅಳತಿ 1.618ರ ಪಟ್ಟು, ಅಂದ್ರ ಗೋಲ್ಡನ್ ರೇಷಿಯೋ, ಇದ್ರನ ಚಂದ ಅಂತ ಹೇಳಿ ಮಾಸ್ಕ್ ಹಾಕಿ ಮುಖ ಅಳಿಯೋ ವಿಡಿಯೋಗಳನ್ನ ನಂಬಬ್ಯಾಡ್ರಿ, ಅದಕ್ಕ ಗಟ್ಟಿ ಆಧಾರ ಇಲ್ಲ.)

ಈಗ ಸ್ಲೈಡರ್ ಒಳಗ ಏನೈತಿ ನೋಡೋಣ. ಗೇಮಿನ ತಲಿ ಅಂದ್ರ ಸಾವಿರಾರು ಚುಕ್ಕಿ ಸೇರಿಸಿ ಹೆಣೆದ ಒಂದು ಬಲಿ, ಮೀನು ಹಿಡಿಯೋ ಬಲಿ ಇದ್ದಂಗ. "ಮೂಗು ಉದ್ದ" ಅನ್ನೋ ಸ್ಲೈಡರ್‌ನಾಗ ಇರೋದು ಇಷ್ಟ: ಈ ಚುಕ್ಕಿ ಇಷ್ಟು ಕೆಳಗ, ಆ ಚುಕ್ಕಿ ಅಷ್ಟು ಮುಂದ, ಅಂತ ಒಂದು ಪಟ್ಟಿ. ಇದಕ್ಕ ಮಾರ್ಫ್ ಅಂತಾರ. ಸ್ಲೈಡರ್ ಅರ್ಧಕ್ಕ ಇಟ್ರ ಎಲ್ಲ ಚುಕ್ಕಿ ಅರ್ಧ ದಾರಿ ಹೋಗ್ತಾವ, ಪೂರ್ತಿ ಇಟ್ರ ಪೂರ್ತಿ, ಎರಡು ಸ್ಲೈಡರ್ ಒಂದ ಚುಕ್ಕಿ ಜಗ್ಗಿದ್ರ ಎರಡೂ ಕೂಡ್ತಾವ, ಗಣಿತ ಅಷ್ಟ ಸರಳ. ಚರ್ಮದ ಕೆಳಗ ಎಲುಬು ಐತಿ ಅನ್ನೋದು ಆ ಪಟ್ಟಿಗೆ ಗೊತ್ತಿಲ್ಲ. ನಿಜವಾದ ಮನುಷ್ಯಾಗ ದವಡಿ ಅಗಲ ಇದ್ರ ಗಲ್ಲ, ಕುತ್ತಿಗಿ, ತುಟಿಯ ಅಂಚು ಎಲ್ಲ ಅದಕ್ಕ ತಕ್ಕಂಗ ಇರ್ತಾವ, ಇಲ್ಲಿ ದವಡಿ ಒಂದ ಸರೀತೈತಿ, ಉಳಿದದ್ದು ಅಲ್ಲೇ ನಿಂತಿರ್ತೈತಿ, ಕಣ್ಣು ದೊಡ್ಡದು ಮಾಡಿದ್ರ ರೆಪ್ಪಿ ತೂರಿ ಗುಡ್ಡಿ ಹೊರಗ ಬರ್ತೈತಿ. ಅದಕ್ಕ ಒಂದು ಸ್ಲೈಡರ್ ತುದಿಗೆ ತಳ್ಳೋ ಬದಲು ನಾಲ್ಕು ಸ್ಲೈಡರ್ ಸ್ವಲ್ಪ ಸ್ವಲ್ಪ ಸರಿಸಬೇಕು, ದವಡಿ ಸರಿಸಿದ್ರ ಗಲ್ಲದ ಎಲುಬಿಗೂ ಕೈ ಹಾಕಬೇಕು. 1999ರಾಗ ಬ್ಲಾಂಝ್ ಮತ್ತ ವೆಟರ್ ಅನ್ನೋ ಸಂಶೋಧಕರು ಇದಕ್ಕೊಂದು ಒಳ್ಳೆ ದಾರಿ ತೋರಿಸಿದ್ರು, 200 ಜನರ ತಲಿ ಲೇಸರ್‌ನಿಂದ ಸ್ಕ್ಯಾನ್ ಮಾಡಿ, ನಿಜ ಮುಖಗಳಾಗ ಯಾವುದರ ಜೊತಿ ಯಾವುದು ಬದಲಾಗ್ತೈತಿ ಅಂತ ಲೆಕ್ಕ ಹಾಕಿ, ಸ್ಲೈಡರ್‌ನ ಆ ಲೆಕ್ಕದ ಮ್ಯಾಲ ಕಟ್ಟಿದ್ರು. ಆದ್ರ ಅಲ್ಲಿ ಬರೋ ಸರಾಸರಿ ಮುಖ ಸ್ಕ್ಯಾನ್ ಮಾಡಿಸಿಕೊಂಡವರದ ಹೊರತು ನಮ್ಮ ಸಿಂಧನೂರು, ಕಾರಟಗಿ ಸಂತ್ಯಾಗ ಓಡಾಡೋರದಲ್ಲ, ಇದನ್ನ ಮರೀಬಾರದು.

ತಪ್ಪು ಹಿಡಿಯೋದು ಹೆಂಗ ಅಂತ ಕೇಳಿದ್ರ, ಚಿತ್ರ ಬರಿಯೋರು ಚಿತ್ರಾನ ತಲಿಕೆಳಗ ಮಾಡಿ ನೋಡು ಅಂತಾರ. ಮುಖಕ್ಕ ಅದನ್ನ ಮಾಡಬ್ಯಾಡ್ರಿ. 1980ರಾಗ ಪೀಟರ್ ಥಾಂಪ್ಸನ್ ಅನ್ನೋ ಸಂಶೋಧಕ ಆಗಿನ ಬ್ರಿಟನ್ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಫೋಟೋದಾಗ ಕಣ್ಣು ಬಾಯಿ ಅಷ್ಟನ್ನ ಕತ್ತರಿಸಿ ಉಲ್ಟಾ ಅಂಟಿಸಿದ, ಫೋಟೋ ತಲಿಕೆಳಗ ಹಿಡಿದ್ರ ಹೆಚ್ಚು ಕಡಿಮಿ ಸರಿ ಕಾಣ್ತೈತಿ, ನೆಟ್ಟಗ ಮಾಡಿದ ಕೂಡ್ಲೇ ಎದಿ ಝಲ್ ಅಂತೈತಿ. ನೆಟ್ಟಗಿರೋ ಮುಖಾನ ಮೆದುಳು ಇಡಿಯಾಗಿ ಓದ್ತೈತಿ, ತಲಿಕೆಳಗ ಆದ್ರ ಬಿಡಿ ಬಿಡಿ ಓದ್ತೈತಿ, ಹಂಗಾಗಿ ಅಳತಿ ತಪ್ಪಿದ್ದು ಮುಚ್ಚಿ ಹೋಗ್ತೈತಿ. ಸ್ಕ್ರೀನ್‌ಶಾಟ್ ತಗೊಂಡು ಎಡ ಬಲ ತಿರುಗಿಸಿ ನೋಡ್ರಿ, ಕನ್ನಡಿಯಾಗ ನೋಡಿದಂಗ, ಸೊಟ್ಟ ಇದ್ದದ್ದು ಗೊತ್ತಾಗ್ತೈತಿ.

ಕಣ್ಣಿನ ವಿಷಯಕ್ಕ ನಾನು ಕಲ್ತದ್ದು ಕೊಪ್ಪಳ ಹತ್ರದ ಕಿನ್ನಾಳದಾಗ. ಅಲ್ಲಿ ಹಗುರ ಮರದ ಗೊಂಬಿ ಮಾಡ್ತಾರ, ಹುಣಸಿ ಬೀಜದ ಅಂಟು, ಕಟ್ಟಿಗಿ ಪುಡಿ, ಸೆಣಬಿನ ಚಿಂದಿ ಕೂಡಿಸಿ ಕಿಟ್ಟ ಅಂತ ಮಾಡಿ ಮೆತ್ತಿ ಬಣ್ಣ ಹಚ್ತಾರ. ಒಬ್ಬ ಹಿರಿಯರು ಗೌರಿ ಗೊಂಬಿಗೆ ಕಣ್ಣು ಬರೆಯೋದನ್ನ ಕುಂತು ನೋಡಿದೆ, ಅಲ್ಲಿತನಕ ಅದು ಬಣ್ಣ ಹಚ್ಚಿದ ಮರ, ಕಪ್ಪು ಗುಡ್ಡಿ ಇಟ್ಟು ಅದರ ಮ್ಯಾಲ ಸಾಸಿವಿ ಕಾಳಿಗಿಂತ ಸಣ್ಣ ಬಿಳಿ ಚುಕ್ಕಿ ಇಟ್ರು ನೋಡ್ರಿ, ಗೊಂಬಿ ನನ್ನ ಕಡೆ ನೋಡಾಕ ಹತ್ತಿತು. ಗೇಮಿನಾಗೂ ಆ ಚುಕ್ಕಿ ಇಲ್ಲದಿದ್ರ, ಅಂದ್ರ ಬೆಳಕಿನ ಪ್ರತಿಬಿಂಬ ಇಲ್ಲದಿದ್ರ, ಎಷ್ಟು ಚಂದ ಮುಖ ಆದ್ರೂ ಹೆಣದ ಕಳಿ. ಕಣ್ಣಿನ ಬಿಳಿ ಭಾಗ ಅಚ್ಚ ಬಿಳಿ ಇಡಬಾರದು, ಸ್ವಲ್ಪ ಮಾಸಲು ಇರಬೇಕು, ಮ್ಯಾಲಿನ ರೆಪ್ಪಿ ನೆರಳು ಬೀಳಬೇಕು. ಮನುಷ್ಯರಂಗ ಇದ್ದು ಪೂರ್ತಿ ಮನುಷ್ಯರಂಗ ಇಲ್ಲದ್ದು ನೋಡಿದ್ರ ಮೈ ಜುಮ್ ಅಂತೈತಿ ಅಂತ ಜಪಾನಿನ ರೋಬಾಟ್ ವಿಜ್ಞಾನಿ ಮಸಾಹಿರೊ ಮೊರಿ 1970ರಾಗ ಬರೆದಿದ್ದು ಇದನ್ನ.

ನನಗ ಬಹಳ ಮನಸಿಗೆ ಹತ್ತಿದ್ದು ಬಣ್ಣದ ವಿಷಯ. ನಮ್ಮ ಕಡೆ ಮುಖ ಮಾಡಬೇಕಂದ್ರ ಬಹಳ ಮಂದಿ ಬೆಳ್ಳನ ಟೆಕ್ಸ್ಚರ್ (ಗೇಮಿನ ತಲಿ ಮ್ಯಾಲ ಹೊದಿಸೋ ಚರ್ಮದ ಚಿತ್ರ) ತಗೊಂಡು ಬಣ್ಣದ ಸ್ಲೈಡರ್ ಕಪ್ಪು ಕಡೆ ಎಳೀತಾರ, ಮುಖ ಬೂದಿ ಬಳಿದಂಗ ಆಗ್ತೈತಿ, ಆಮ್ಯಾಲ ಕಪ್ಪು ಚಂದ ಬರಂಗಿಲ್ಲ ಅಂತ ಬಿಟ್ಟು ಬಿಡ್ತಾರ. ತಪ್ಪು ಬಣ್ಣದ್ದಲ್ಲ. ಬೆಳಕು ಚರ್ಮದ ಒಳಗ ಹೊಕ್ಕು ಚದುರಿ ಹೊರಗ ಬರ್ತೈತಿ, ಗೇಮಿನಾಗ ಇದನ್ನ ಸಬ್‌ಸರ್ಫೇಸ್ ಸ್ಕ್ಯಾಟರಿಂಗ್ ಅಂತಾರ, ಕಂದು ಚರ್ಮದಾಗ ಬಣ್ಣ ಕೊಡೋ ಮೆಲನಿನ್ ಆ ಬೆಳಕನ್ನ ಬಹಳ ನುಂಗ್ತೈತಿ, ಹಂಗಾಗಿ ಮ್ಯಾಲಿನ ಹೊಳಪು ಎದ್ದು ಕಾಣ್ತೈತಿ. ಹಣಿ, ಮೂಗಿನ ದಂಡಿ, ಗಲ್ಲದ ಎಲುಬು, ಇಲ್ಲೆಲ್ಲ ಆ ಹೊಳಪು ಕೊಡಬೇಕು, ಬಣ್ಣದಾಗ ಕೆಂಪು ಉಳಿಸಬೇಕು. ಭತ್ತದ ನಾಟಿ ಮಾಡಿ ಬಿಸಿಲಾಗ ನಿಂತವರ ಮುಖ ನೋಡ್ರಿ, ಅದರಷ್ಟು ಬೆಳಕು ಹಿಡಿಯೋ ಚರ್ಮ ಯಾವ ರೆಡಿಮೇಡ್ ಟೆಕ್ಸ್ಚರ್‌ನಾಗೂ ನನಗ ಸಿಕ್ಕಿಲ್ಲ.

ಅವ್ವ ಅಂದ ಮ್ಯಾಲ ನಾನು ಆ ಮುಖ ಅಳಿಸಿ ಹೊಸದು ಶುರು ಮಾಡಿದೆ, ಈ ಸಲ ನಮ್ಮ ಅಜ್ಜಿಯ ಹರೇದ ಫೋಟೋ ಪಕ್ಕಕ್ಕ ಇಟ್ಕೊಂಡು, ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಬಾಗಲಿಗೆ ಹೋಗಿ ಓಣ್ಯಾಗ ಓಡಾಡೋ ಜನರ ಮುಖ ನೋಡಿ ಬಂದು. ಅಜ್ಜಿದು ಮೂಗು ಸ್ವಲ್ಪ ಅಗಲ, ಅದನ್ನ ಹಂಗ ಬಿಟ್ಟೀನಿ. ಮುಖ ಮಾಡೋ ಮೆನುದಾಗ ಬೆಳಕು ಮೆತ್ತಗ ಇರ್ತೈತಿ, ಅದನ್ನ ನಂಬದ ಗೇಮಿನ ನಡು ಮಧ್ಯಾಹ್ನದ ಬಯಲಿಗೆ ಕರ್ಕೊಂಡು ಹೋಗಿ ನಿಲ್ಲಿಸಿ ನೋಡಿದೆ, ಕಣ್ಣಿನ ಗೂಡಿನಾಗ ಕತ್ತಲಿ ಬಿತ್ತು, ಹುಬ್ಬಿನ ಎಲುಬು ಒಂದೆಳಿ ಹಿಂದಕ್ಕ ಸರಿಸಿದೆ. ಸೇವ್ ಮಾಡಿ ಎರಡು ದಿನ ಆಗೈತಿ, ಇನ್ನೂ ತೆಗೆದು ನೋಡಿಲ್ಲ. ನಾಳೆ ಬೆಳಿಗ್ಗೆ ಚಾ ಹೊತ್ತಿಗೆ ಮೊದಲು ಅವ್ವಗ ತೋರಿಸ್ತೀನಿ.